2019ರಲ್ಲಿ ಬಿದ್ದ ಮನೆ, 2010ರ ಫೋಟೋ

ನಮ್ಮ ಗುಂಪಿನ ಹತ್ತಿರ ಒಂದು ಹಳೇ ಡಿಜಿಟಲ್ ಕ್ಯಾಮೆರಾ ಇದೆ. ಪತ್ರಿಕೋದ್ಯಮ ಓದುವಾಗ ಐದು ಜನ ಸೇರಿ ತಲಾ 700 ರೂಪಾಯಿ ಹಾಕಿ, ಒಂದು ಸ್ಟುಡಿಯೋದಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಎರಡು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತದೆ. ಮೂಲೆಯಲ್ಲಿ ಬಣ್ಣ ಹೋಗಿದೆ, ಸೆಲ್ ಹಾಕುವ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದೇವೆ. ಹಾಗಂತ ಕೆಟ್ಟ ಕ್ಯಾಮೆರಾ ಅಲ್ಲ. ಈ ಬರಹದಲ್ಲಿ ಹೇಳುವ ತಪ್ಪು ಕ್ಯಾಮೆರಾದ್ದಲ್ಲ, ನಮ್ಮದು. ಅದನ್ನು ಇಷ್ಟು ವರ್ಷ ಬರೆಯದೇ ಇದ್ದದ್ದಕ್ಕೆ ನಾಚಿಕೆಯೊಂದೇ ಕಾರಣ.

2019ರ ಆಗಸ್ಟ್. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟು ಮಲಪ್ರಭಾ ದಂಡೆಯ ಊರುಗಳಿಗೆ ಹೊಳೆ ನುಗ್ಗಿದ್ದ ದಿನಗಳು. ರಾಮದುರ್ಗ, ಬಾದಾಮಿ, ನರಗುಂದ, ರೋಣ ತಾಲೂಕುಗಳ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ನೀರು ಇಳಿದ ಮೇಲೆ ನಾವು ಮೂವರು ಎರಡು ಬೈಕಿನಲ್ಲಿ ಹೊರಟೆವು. ಹೊಳೆ ಇಳಿದ ಊರು ಹೇಗಿರುತ್ತದೆ ಅಂತ ನೋಡಿದವರಿಗೆ ಹೇಳಬೇಕಾಗಿಲ್ಲ. ಎಲ್ಲೆಲ್ಲೂ ಎರೆ ರಾಡಿ, ಕೊಳೆತ ಜೋಳದ ವಾಸನೆ, ಓಣಿಯಲ್ಲಿ ಹೊರಗೆ ಹಾಕಿದ ಕೌದಿ, ಹಾಸಿಗೆ, ಮಕ್ಕಳ ಪುಸ್ತಕ.

ಒಂದು ಓಣಿಯ ಕೊನೆಯಲ್ಲಿ ಒಬ್ಬ ಕಾಕಾ ನಮ್ಮನ್ನು ತಡೆದರು. ಅವರದು ಮಣ್ಣಿನ ಗೋಡೆಯ ಮಾಳಿಗೆ ಮನೆ. ನೀರು ನಾಲ್ಕು ದಿನ ನಿಂತು ಗೋಡೆ ನೆನೆದು, ಹಿಂದಿನ ಅರ್ಧ ಪೂರಾ ಕೂತಿತ್ತು. ಜಂತಿ ಮುರಿದು ಮೇಲ್ಮುದ್ದೆಯ ಮಣ್ಣೆಲ್ಲ ಅಡುಗೆ ಮನೆಯೊಳಗೆ ಬಿದ್ದಿತ್ತು. ಮುಂದಿನ ಗೋಡೆ ನಿಂತಿತ್ತಾದರೂ ನಡುವೆ ಕೈ ತೂರುವಷ್ಟು ಬಿರುಕು.

"ತಮ್ಮಾ, ನೀವು ಪೇಪರಿನವರಲ್ಲ? ನಮ್ಮ ಮನೀದೂ ಒಂದ್ನಾಕ ಫೋಟೋ ಹೊಡೀರಿ. ಸರ್ವೆ ಮಾಡೋರು ಯಾವಾಗ ಬರ್ತಾರೋ ಏನೋ. ಈ ಮುಂದಿನ ಗ್ವಾಡಿ ನಾಳೆ ಕೆಡವಾಕ ಬೇಕು, ಹುಡುಗ್ರ ಮ್ಯಾಲೆ ಬಿದ್ದರ ಏನ್ ಮಾಡೂದು?" ಅಂದರು.

ಹೊಡೆದೆವು. ಒಳಗಿಂದ, ಹೊರಗಿಂದ, ಬಾಗಿಲ ಮೇಲಿನ ಮನೆ ನಂಬರಿನ ತಗಡು, ಕರೆಂಟ್ ಮೀಟರಿನ ಆರ್.ಆರ್. ನಂಬರು, ಗೋಡೆಯ ಮೇಲೆ ನೀರು ನಿಂತ ಗೆರೆ, ಎಲ್ಲ ಸೇರಿ 17 ಫೋಟೋ. ಓದಿದವರಲ್ಲವೇ ನಾವು. ಸಾಕ್ಷಿ ಹೇಗೆ ಕೂಡಿಸಬೇಕು ಅಂತ ಗೊತ್ತಿದೆ ಅನ್ನುವ ಧೈರ್ಯ. ಪ್ರಿಂಟ್ ಹಾಕಿಸಿ ಕೊಡುತ್ತೇವೆ ಅಂತ ಮಾತು ಕೊಟ್ಟು ಬಂದೆವು. ಕಾಕಾ ಮರುದಿನವೇ ಗೋಡೆ ಕೆಡವಿ, ಜಂತಿ ತೆಗೆದು ಒಟ್ಟಿ, ತಗಡಿನ ಶೆಡ್ಡು ಹಾಕಿಕೊಂಡರು. ಸರ್ವೆಯವರು ಬರುವಷ್ಟರಲ್ಲಿ ಅಲ್ಲಿ ಬಿದ್ದ ಮನೆಯೇ ಇರಲಿಲ್ಲ. ಹಸನು ಮಾಡಿದ ಜಾಗ, ಒಂದು ಶೆಡ್ಡು, ಪಕ್ಕದಲ್ಲಿ ಮಣ್ಣಿನ ಗುಡ್ಡೆ. ಮನೆ ಬಿದ್ದದ್ದಕ್ಕೆ ಉಳಿದ ಸಾಕ್ಷಿ ಅಂದರೆ ನಮ್ಮ 17 ಫೋಟೋ.

ಪ್ರಿಂಟ್ ಕೈಗೆ ಬಂದಾಗಲೇ ನಮಗೆ ಕಂಡದ್ದು. ಪ್ರತಿ ಫೋಟೋದ ಬಲಗಡೆ ಕೆಳಗೆ ಕಿತ್ತಳೆ ಬಣ್ಣದ ಅಂಕಿಯಲ್ಲಿ ತಾರೀಖು ಅಚ್ಚಾಗಿತ್ತು: 03/01/2010.

ಆದದ್ದು ಇಷ್ಟು. ಕ್ಯಾಮೆರಾದೊಳಗೆ ಒಂದು ಗಡಿಯಾರ ಇರುತ್ತದೆ. ಸೆಲ್ ತೆಗೆದು ಬಹಳ ದಿನ ಇಟ್ಟರೆ ಆ ಗಡಿಯಾರ ನಿಂತುಹೋಗುತ್ತದೆ, ಮತ್ತೆ ಸೆಲ್ ಹಾಕಿದಾಗ ಕಂಪನಿಯವರು ಮೊದಲೇ ಬರೆದಿಟ್ಟ ತಾರೀಖಿನಿಂದ ಶುರುವಾಗುತ್ತದೆ. ನಮ್ಮದರಲ್ಲಿ ಅದು 2010ರ ಜನವರಿ 1. ಹೊಳೆ ಊರಿಗೆ ಹೋಗುವ ಎರಡು ದಿನ ಮೊದಲು, ಶ್ರಾವಣದ ಭಜನೆ ಫೋಟೋ ತೆಗೆಯಲು ನಾವು ಹೊಸ ಸೆಲ್ ಹಾಕಿದ್ದೆವು. ಆಗ ಕ್ಯಾಮೆರಾ ಕೇಳಿತ್ತು, ತಾರೀಖು ಸರಿ ಮಾಡಿ ಅಂತ. ಭಜನೆ ಶುರುವಾಗಿಬಿಟ್ಟಿತ್ತು. ಓಕೆ ಒತ್ತಿ ಮುಂದೆ ಹೋದೆವು.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ರಾತ್ರಿ ಮೆಮೊರಿ ಕಾರ್ಡ್ ತುಂಬುತ್ತಾ ಬಂದಿತ್ತು, ಹಾಗಾಗಿ ಫೋಟೋದ ಸೈಜನ್ನು ಎಲ್ಲಕ್ಕಿಂತ ಸಣ್ಣದಕ್ಕೆ ಇಳಿಸಿದ್ದೆವು, 640 ಅಡ್ಡ, 480 ಉದ್ದ. ಲೆಕ್ಕ ಹಾಕಿದರೆ ಒಂದು ಫೋಟೋಕ್ಕೆ ಮೂರು ಲಕ್ಷ ಚುಕ್ಕಿ. ಅದೇ ಕ್ಯಾಮೆರಾ ಪೂರ್ತಿ ಸೈಜಿನಲ್ಲಿ ತೆಗೆದರೆ 1 ಕೋಟಿ 20 ಲಕ್ಷ ಚುಕ್ಕಿ. ನಲವತ್ತು ಪಟ್ಟು ವ್ಯತ್ಯಾಸ. ಸಣ್ಣ ಪರದೆಯಲ್ಲಿ ನೋಡಿದಾಗ ಎರಡೂ ಒಂದೇ ಥರ ಕಾಣುತ್ತವೆ. ದೊಡ್ಡದು ಮಾಡಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಮೀಟರಿನ ಆರ್.ಆರ್. ನಂಬರು ಒಂದು ಕರಿ ಕಲೆ, ಮನೆ ನಂಬರಿನ ತಗಡು ಒಂದು ಬಿಳಿ ಕಲೆ.

ಮೂರನೆಯದು ಬಣ್ಣ. ಗುಡಿಯೊಳಗೆ ಹಳದಿ ಬಲ್ಬು ಇತ್ತು ಅಂತ ಬಲ್ಬಿನ ಬೆಳಕಿಗೆ ಹೊಂದುವ ಸೆಟ್ಟಿಂಗ್ ಇಟ್ಟಿದ್ದೆವು. ಹಳದಿಯನ್ನು ಕಡಿಮೆ ಮಾಡಲು ಕ್ಯಾಮೆರಾ ಅಲ್ಲಿ ನೀಲಿ ಕೂಡಿಸುತ್ತದೆ. ಅದೇ ಸೆಟ್ಟಿಂಗಿನಲ್ಲಿ ಹಗಲು ಬೆಳಕಿನಲ್ಲಿ ತೆಗೆದರೆ ಎಲ್ಲಕ್ಕೂ ನೀಲಿ ಬಳಿದುಬಿಡುತ್ತದೆ. ಕಾಕಾನ ಕೆಮ್ಮಣ್ಣಿನ ಗೋಡೆ ಫೋಟೋದಲ್ಲಿ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಹಸಿ ಯಾವುದು, ಒಣಗಿದ್ದು ಯಾವುದು ಅಂತ ತಿಳಿಯುವಂತಿರಲಿಲ್ಲ. ನೀರು ನಿಂತ ಗೆರೆಯಂತೂ ಹುಡುಕಿದರೂ ಸಿಗಲಿಲ್ಲ.

ಮೂರೂ ತಪ್ಪು ಒಂದೇ ಬೇರಿನವು. ಮೊನ್ನೆ ರಾತ್ರಿಯ ಕೆಲಸಕ್ಕೆ ತಿರುಗಿಸಿದ್ದನ್ನು ಇವತ್ತಿನ ಕೆಲಸಕ್ಕೆ ವಾಪಸ್ ತಿರುಗಿಸಲಿಲ್ಲ. ಕ್ಯಾಮೆರಾಕ್ಕೆ ನೆನಪಿನ ಶಕ್ತಿ ಜಾಸ್ತಿ, ನಮಗೆ ಕಡಿಮೆ.

ಆದರೂ ಪ್ರಿಂಟ್ ತೆಗೆದುಕೊಂಡು ಕಾಕಾನ ಜೊತೆ ಕಚೇರಿಗೆ ಹೋದೆವು. ಅಲ್ಲಿದ್ದ ಸಾಹೇಬರು ಕೆಟ್ಟವರೇನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಅವರು ಫೋಟೋ ನೋಡಿದರು, ತಾರೀಖು ನೋಡಿದರು, ಕನ್ನಡಕ ತೆಗೆದರು.

"ಇದು 2009ರ ಹೊಳಿಗೆ ಬಿದ್ದ ಮನಿ ಅಲ್ಲೇನ್ರೀ?"

ಆ ಪ್ರಶ್ನೆಗೆ ನಾವು ತಯಾರಿರಲಿಲ್ಲ. ಓದುಗರಿಗೆ ನೆನಪಿರಬಹುದು, 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕಕ್ಕೆ ಬಂದ ದೊಡ್ಡ ಮಳೆ, ಪ್ರವಾಹ. ಎಷ್ಟೋ ಊರು ಎತ್ತಿ ಬೇರೆ ಕಡೆ ಹಾಕಿದರು, 'ಆಸರೆ' ಮನೆಗಳು ಬಂದದ್ದು ಆಗಲೇ. ಅದಾದ ಮೂರು ತಿಂಗಳಿಗೆ ಸರಿಯಾಗಿ 2010ರ ಜನವರಿ. ಕಾಕಾನ ಮನೆಯ ಒಂದು ಗೋಡೆ 2009ರಲ್ಲೂ ಬಿದ್ದಿತ್ತು, ಆ ಪಟ್ಟಿಯಲ್ಲೂ ಅವರ ಹೆಸರಿತ್ತು. ಯಾವುದೋ ಕಾರ್ಖಾನೆಯಲ್ಲಿ ಯಾರೋ ಬರೆದಿಟ್ಟ ಒಂದು ತಾರೀಖು, ನಮ್ಮ ಕಾಕಾನನ್ನು ಹಳೇ ಫೋಟೋ ತೋರಿಸಿ ಹೊಸ ಪರಿಹಾರ ಕೇಳುವ ಮನುಷ್ಯನನ್ನಾಗಿ ಮಾಡಿ ನಿಲ್ಲಿಸಿತ್ತು.

"ಸರ್, ಕ್ಯಾಮೆರಾದಾಗ ತಾರೀಖು ತಪ್ಪೈತ್ರಿ. ಇದು ಮೊನ್ನಿನ ಹೊಳಿದ, ನಾವ ತಗದೀವ್ರಿ," ಅಂದೆವು.

"ಇರಬಹುದು. ನಾ ಇಲ್ಲ ಅನ್ನಂಗಿಲ್ಲ. ನೀವು ಹೇಳಿದ್ದು ನನಗ ತಿಳೀತು. ಫೈಲಿಗೆ ಹೆಂಗ ತಿಳೀಬೇಕ್ರೀ?"

ಮನೆ ನಂಬರು ತೋರಿಸೋಣ ಅಂದರೆ ಬಿಳಿ ಕಲೆ. ಮೀಟರು ತೋರಿಸೋಣ ಅಂದರೆ ಕರಿ ಕಲೆ. ಕಾಕಾ ಒಂದು ಮಾತೂ ಆಡಲಿಲ್ಲ. ಟೋಪಿ ತೆಗೆದು ಮಡಿಚುತ್ತಾ, ಬಿಚ್ಚುತ್ತಾ ನಿಂತಿದ್ದರು.

ಆ ವರ್ಷ ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಕಾಕಾನ ಹೆಸರು ಬಂದದ್ದು ಸ್ವಲ್ಪ ಹಾನಿಯಾದ ಮನೆಗಳ ಪಟ್ಟಿಯಲ್ಲಿ. ನಮ್ಮ ಫೋಟೋ ಸರಿ ಇದ್ದಿದ್ದರೆ ಪೂರ್ತಿ ಸಿಗುತ್ತಿತ್ತು ಅಂತ ಹೇಳಲು ನಮಗೂ ಆಗುವುದಿಲ್ಲ. ಸರಿ ಇರಲಿಲ್ಲ ಅನ್ನುವುದಷ್ಟೇ ಗೊತ್ತು.

ಹೊರಗೆ ಬಂದಾಗ ಇನ್ನೊಂದು ಮಾತು ನಡೆಯಿತು. ಎದುರಿನ ಝೆರಾಕ್ಸ್ ಅಂಗಡಿಯವನು ಫೋಟೋ ನೋಡಿ, "ಇದಕ್ಯಾಕ್ ಇಷ್ಟ್ ಚಿಂತಿ ಮಾಡ್ತೀರಿ? ತಾರೀಖು ಅಳಿಸಿ ಬ್ಯಾರೇ ಹಾಕೋದು ಐದು ನಿಮಿಷದ ಕೆಲಸ. ಐವತ್ತು ರೂಪಾಯಿ ಕೊಡ್ರಿ," ಅಂದ. ಹಾಕುತ್ತಿದ್ದದ್ದು ನಿಜವಾದ ತಾರೀಖನ್ನೇ. ಸುಳ್ಳನ್ನು ಅಳಿಸಿ ನಿಜ ಬರೆಯುವ ಕೆಲಸ. ಆದರೂ ನಾವು ಬೇಡ ಅಂದೆವು. ಒಮ್ಮೆ ಫೋಟೋ ತಿದ್ದಿದ್ದು ಗೊತ್ತಾದರೆ ಉಳಿದ ಹದಿನಾರನ್ನೂ ಯಾರೂ ನಂಬುವುದಿಲ್ಲ, ನಾಳೆ ನಾವು ಬರೆಯುವ ಸುದ್ದಿಯನ್ನೂ ನಂಬುವುದಿಲ್ಲ. ಈಗಲೂ ಅದೇ ಅಭಿಪ್ರಾಯ ನಮ್ಮದು. ಆದರೆ ಬೇಡ ಅಂದದ್ದು ನಾವು, ಕಳಕೊಂಡದ್ದು ಅವರು. ನಮ್ಮ ಗುಂಪಿನೊಳಗೆ ಈ ವಿಷಯಕ್ಕೆ ಇವತ್ತಿಗೂ ಜಗಳ ಆಗುತ್ತದೆ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇವೆ? ಡಿಜಿಟಲ್ ಕ್ಯಾಮೆರಾ ಈಗ ಯಾರ ಹತ್ತಿರವೂ ಇಲ್ಲ, ಎಲ್ಲರ ಹತ್ತಿರ ಫೋನಿದೆ, ಫೋನಿನಲ್ಲಿ ತಾರೀಖು ತಾನೇ ಸರಿ ಇರುತ್ತದೆ ಅಂತ ನೀವು ಅನ್ನಬಹುದು. ನಿಜ. ನೆಟ್‌ವರ್ಕಿನಿಂದ ತಾರೀಖು, ಟೈಮು ತಾನೇ ಬರುವ ಹಾಗೆ ಇಟ್ಟಿದ್ದರೆ ಆ ಒಂದು ತಪ್ಪು ಆಗುವುದಿಲ್ಲ. ಆದರೆ ಫೋನು ಬೇರೆ ಹತ್ತು ತಪ್ಪುಗಳಿಗೆ ಬಾಗಿಲು ತೆರೆದಿದೆ, ಅವನ್ನು ನಾವು ವಾರಕ್ಕೊಂದು ನೋಡುತ್ತೇವೆ.

ಮೊನ್ನೆ ವಿಜಯಪುರ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ನಮಗೆ ಫೋಟೋ ಕಳಿಸಿದ್ದರು. ಆಣೆಕಲ್ಲು ಮಳೆಗೆ ತೋಟ ಹಾಳಾಗಿದೆ, ಬರೆಯಿರಿ ಅಂತ. ಫೋಟೋದಲ್ಲಿ ಅವರು ನಿಂತಿದ್ದಾರೆ, ಅಂಗಿಯ ಗುಂಡಿ ಎಣಿಸಬಹುದು, ಅಷ್ಟು ಚಂದ ಬಂದಿದೆ. ಹಿಂದಿನ ತೋಟ ಮಾತ್ರ ಮಂಜು ಮಂಜು. ಹಿಂದಿನ ವಾರ ಮಗಳ ಹುಟ್ಟುಹಬ್ಬಕ್ಕೆ ಪೋರ್ಟ್ರೇಟ್ ಮೋಡಿನಲ್ಲಿ ಫೋಟೋ ತೆಗೆದಿದ್ದರಂತೆ, ಅದು ಹಾಗೇ ಉಳಿದಿತ್ತು. ಆ ಮೋಡಿನ ಕೆಲಸವೇ ಅದು, ಮುಂದಿನ ಮುಖ ಬಿಟ್ಟು ಹಿಂದಿನದನ್ನೆಲ್ಲ ಮಸುಕು ಮಾಡುವುದು. ಮನುಷ್ಯನನ್ನು ಎತ್ತಿ ತೋರಿಸಲು ಹೋಗಿ ಮನುಷ್ಯನ ನಷ್ಟವನ್ನು ಅಳಿಸಿಹಾಕಿತ್ತು. ಅವರ ಪುಣ್ಯ, ತೋಟ ಇನ್ನೂ ಹಾಗೇ ಇತ್ತು, ಮತ್ತೆ ತೆಗೆದು ಕಳಿಸಿದರು.

ಇನ್ನೊಬ್ಬರು ಹೆಸರು ಬೆಳೆಯ ಎಲೆ ಫೋಟೋ ಕಳಿಸಿ, ಹಳದಿ ಆಗ್ತಾ ಇದೆ, ಏನು ರೋಗ ಕೇಳಿ ಹೇಳಿ ಅಂದಿದ್ದರು. ನೋಡಿದರೆ ಎಲೆ ಹಚ್ಚಹಸಿರು. ಈಗಿನ ಎಷ್ಟೋ ಫೋನುಗಳು ಮುಂದಿರುವುದು ಗಿಡ ಅಂತ ಗುರುತು ಹಿಡಿದು ಹಸಿರನ್ನು ಇನ್ನಷ್ಟು ಹಸಿರು ಮಾಡಿ ಕೊಡುತ್ತವೆ. ಅದಕ್ಕೊಂದು ಬಟನ್ನು ಇರುತ್ತದೆ, ಕ್ಯಾಮೆರಾ ತೆರೆದಾಗ ಮೇಲಿನ ಸಾಲಿನಲ್ಲಿ. ಪ್ರವಾಸದ ಫೋಟೋಕ್ಕೆ ಅದು ಬೇಕು. ಹಳದಿ ರೋಗ ಬಂದ ಎಲೆಗೆ ಬೇಡ. ಹಳದಿ ನಂಜಾಣು ರೋಗವೋ, ಕಬ್ಬಿಣದ ಕೊರತೆಯೋ, ನೀರು ಜಾಸ್ತಿಯಾದದ್ದೋ, ಇವನ್ನೆಲ್ಲ ಬಲ್ಲವರು ಹೇಳುವುದು ಹಳದಿ ಎಲೆಯ ಯಾವ ಭಾಗದಲ್ಲಿದೆ, ಹೇಗೆ ಹರಡಿದೆ ಅಂತ ನೋಡಿ. ರೋಗದ ಬಣ್ಣವನ್ನೇ ಫೋನು ತೊಳೆದು ಕಳಿಸಿದರೆ ರೈತ ಸಂಪರ್ಕ ಕೇಂದ್ರದವರಾದರೂ ಏನು ಹೇಳಬೇಕು?

ನಗು ಬರುವ ಪ್ರಸಂಗವೂ ಒಂದಿದೆ. ನಮ್ಮಲ್ಲೊಬ್ಬರು ತಮ್ಮ ಅಜ್ಜಿಯ ಫೋಟೋ ತೆಗೆದು ತೋರಿಸಿದರು. ಬ್ಯೂಟಿ ಮೋಡ್ ಆನ್ ಇತ್ತು. ಎಂಬತ್ತು ದಾಟಿದ ಮುಖದ ಮೇಲೆ ಒಂದು ಸುಕ್ಕಿಲ್ಲ, ಹಚ್ಚೆಯೂ ಮಾಸಿಹೋಗಿದೆ. ಅಜ್ಜಿ ಫೋನನ್ನು ದೂರ ಹಿಡಿದು ನೋಡಿ, "ಇಕಿ ಯಾರವಾ?" ಅಂದಳು. ನಗು ಮುಗಿದ ಮೇಲೆ ಇನ್ನೊಂದು ಯೋಚನೆ ಬಂತು. ಎಷ್ಟೋ ಮನೆಗಳಲ್ಲಿ ಹಿರಿಯರು ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಇಂಥ ಫೋಟೋವೇ ಉಳಿಯುವುದು.

ನಮ್ಮ ವಾದ ಒಂದೇ. ಹಳ್ಳಿಯಲ್ಲಿ ಫೋಟೋ ಅಂದರೆ ಈಗ ಬರೀ ನೆನಪಲ್ಲ, ಕಾಗದಪತ್ರ. ಪಹಣಿ, ರೇಷನ್ ಕಾರ್ಡು ಇದ್ದ ಹಾಗೆ. ಉದ್ಯೋಗ ಖಾತ್ರಿ ಕೆಲಸದಲ್ಲಿ 2023ರ ಜನವರಿ 1ರಿಂದ ಆ್ಯಪಿನಲ್ಲಿ ದಿನಕ್ಕೆ ಎರಡು ಸಲ ಫೋಟೋ ಹಾಕಿ ಹಾಜರಿ ತೋರಿಸುವುದು ಕಡ್ಡಾಯವಾಯಿತು. ಪ್ರಧಾನಮಂತ್ರಿ ಆವಾಸ್ ಮನೆಗೆ ಒಂದೊಂದು ಹಂತಕ್ಕೂ ಜಾಗದ ಗುರುತು ಇರುವ ಫೋಟೋ ಬೇಕು. ಬೆಳೆ ಸಮೀಕ್ಷೆಗೆ ರೈತರೇ ಹೊಲದಲ್ಲಿ ನಿಂತು ಫೋಟೋ ಹಾಕುವ ವ್ಯವಸ್ಥೆ 2020ರಿಂದ ಇದೆ. ಬೆಳೆ ವಿಮೆ ಮಾಡಿಸಿದವರು ಆಣೆಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತರೆ 72 ಗಂಟೆಯೊಳಗೆ ತಿಳಿಸಬೇಕು, ಆಗಲೂ ಕೈಯಲ್ಲಿ ಫೋಟೋ ಇದ್ದರೆ ಮಾತಿಗೆ ತೂಕ. ಪಹಣಿಯಲ್ಲಿ ಹೆಸರು ಒಂದಕ್ಷರ ತಪ್ಪಿದರೆ ನಾವು ವರ್ಷಗಟ್ಟಲೆ ಅಲೆದಾಡುತ್ತೇವೆ. ಅದಕ್ಕೇ ಪಹಣಿ ಕೈಗೆ ಬಂದಾಗ ಎರಡು ಸಲ ಓದಿ ನೋಡುತ್ತೇವೆ. ಫೋಟೋ ತೆಗೆಯುವಾಗ ಮಾತ್ರ ಆ ಎಚ್ಚರ ಇಲ್ಲ. ಜೇಬಿನಿಂದ ತೆಗೆದದ್ದೇ ಒತ್ತುವುದು.

ಹಾಗಾಗಿ ನಾವೀಗ ಏನು ಮಾಡುತ್ತೇವೆ ಅಂತ ಹೇಳುತ್ತೇವೆ, ಬೇಕಾದವರು ತೆಗೆದುಕೊಳ್ಳಿ. ಹೊಲಕ್ಕೋ, ಬಿದ್ದ ಮನೆಗೋ ಫೋಟೋ ತೆಗೆಯಲು ಹೋದಾಗ ಮೊದಲು ಲೆನ್ಸನ್ನು ಅಂಗಿಯ ಚುಂಗಿನಿಂದ ಒರೆಸುತ್ತೇವೆ. ಇದು ಸೆಟ್ಟಿಂಗ್ ಅಲ್ಲ, ಆದರೆ ಜೇಬಿನಲ್ಲಿ ಎಣ್ಣೆ ಕೈ ಮುಟ್ಟಿದ ಲೆನ್ಸಿಗೆ ಯಾವ ಸೆಟ್ಟಿಂಗೂ ಉಪಯೋಗವಿಲ್ಲ. ಆಮೇಲೆ ಕ್ಯಾಮೆರಾ ತೆರೆದು ಬರೀ ಫೋಟೋ ಅನ್ನುವ ಮೋಡಿನಲ್ಲಿ ಇದೆಯೇ, ಫಿಲ್ಟರ್, ಬ್ಯೂಟಿ, ಟೈಮರ್ ಆಫ್ ಇವೆಯೇ ನೋಡುತ್ತೇವೆ. ಲೊಕೇಶನ್ ಆನ್ ಮಾಡುತ್ತೇವೆ. ಇದು ಎರಡು ಕಡೆ ಇರುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ, ಫೋನಿನ ಲೊಕೇಶನ್ ಒಂದು, ಕ್ಯಾಮೆರಾದ ಸೆಟ್ಟಿಂಗಿನೊಳಗೆ ಫೋಟೋಕ್ಕೆ ಜಾಗ ಬರೆಯುವ ಬಟನ್ನು ಇನ್ನೊಂದು. ಎರಡೂ ಆನ್ ಇದ್ದರೇನೇ ಫೋಟೋದೊಳಗೆ ಜಾಗದ ಗುರುತು ಕೂರುತ್ತದೆ. ಮನೆಯಲ್ಲಿ ಮಕ್ಕಳ, ಹೆಣ್ಣುಮಕ್ಕಳ ಫೋಟೋ ತೆಗೆಯುವಾಗ ಮತ್ತೆ ಆಫ್ ಮಾಡುತ್ತೇವೆ. ನಮ್ಮ ಮನೆ ಎಲ್ಲಿದೆ ಅಂತ ಕಂಡವರಿಗೆಲ್ಲ ಯಾಕೆ ಹೇಳಬೇಕು?

ಒಂದು ಫೋಟೋ ತೆಗೆದ ಕೂಡಲೇ ನಿಂತು, ಎರಡು ಬೆರಳಿನಿಂದ ಹಿಗ್ಗಿಸಿ ನೋಡುತ್ತೇವೆ. ಅಕ್ಷರ ಓದಲು ಬರುತ್ತದೆಯೇ? ಬಣ್ಣ ಕಣ್ಣಿಗೆ ಕಂಡ ಹಾಗೇ ಇದೆಯೇ? ನಮ್ಮ 17 ಫೋಟೋಗಳಲ್ಲಿ ಮೊದಲನೆಯದನ್ನು ಹೀಗೆ ನೋಡಿದ್ದರೆ ಉಳಿದ 16 ಸರಿ ಬರುತ್ತಿದ್ದವು. ಕತ್ತಲ ಕೋಣೆಯಲ್ಲಿ ಫ್ಲಾಶ್ ನಂಬಬೇಡಿ, ಅದರ ಬೆಳಕು ಮೂರ್ನಾಲ್ಕು ಹೆಜ್ಜೆ ದಾಟುವುದಿಲ್ಲ. ಮಳೆಯಲ್ಲಂತೂ ಹನಿಗಳೇ ಬಿಳಿ ಚೆಂಡಿನ ಹಾಗೆ ಮುಂದೆ ಬಂದು ನಿಲ್ಲುತ್ತವೆ. ಬಾಗಿಲು ತೆರೆದು, ಬೆಳಕಿಗೆ ಬೆನ್ನು ಮಾಡಿ ನಿಂತರೆ ಅರ್ಧ ಕೆಲಸ ಆಯಿತು.

ವಾಟ್ಸಾಪ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಓದಿ. ಫೋನಿನಲ್ಲಿ ತೆಗೆದ ಫೋಟೋದ ಫೈಲಿನೊಳಗೆ ತೆಗೆದ ತಾರೀಖು, ಟೈಮು, ಲೊಕೇಶನ್ ಆನ್ ಇದ್ದರೆ ಜಾಗ, ಎಲ್ಲ ಬರೆದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಅದನ್ನು ವಾಟ್ಸಾಪಿನಲ್ಲಿ ಎಲ್ಲರೂ ಕಳಿಸುವ ಹಾಗೆ ಫೋಟೋ ಅಂತ ಕಳಿಸಿದರೆ ಆ ಮಾಹಿತಿ ಉದುರಿಹೋಗುತ್ತದೆ, ಫೋಟೋ ಸಣ್ಣದೂ ಆಗುತ್ತದೆ. ಆಚೆಯವರ ಫೋನಿನಲ್ಲಿ ಫೈಲಿನ ಹೆಸರಿನಲ್ಲಿ ಕಾಣುವ ತಾರೀಖು ವಾಟ್ಸಾಪ್ ಹಾಕಿಕೊಂಡದ್ದು, ನೀವು ಫೋಟೋ ತೆಗೆದ ದಿನದ್ದಲ್ಲ. ಅದರ ಬದಲು ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಮತ್ತು ಮೂಲ ಫೋಟೋವನ್ನು ಕೆಲಸ ಮುಗಿಯುವವರೆಗೂ ಡಿಲೀಟ್ ಮಾಡಬೇಡಿ. ಸ್ಟೋರೇಜ್ ತುಂಬಿತು ಅಂತ ನೀವು ಮೊದಲು ಅಳಿಸುವುದು ಅದನ್ನೇ, ಗುಡ್ ಮಾರ್ನಿಂಗ್ ಹೂವಿನ ಫೋಟೋಗಳೆಲ್ಲ ಹಾಗೇ ಇರುತ್ತವೆ.

ಇಷ್ಟು ಹೇಳಿ ತಪ್ಪೆಲ್ಲ ಫೋಟೋ ತೆಗೆದವರ ತಲೆಗೆ ಕಟ್ಟಿದರೆ ಅದು ನ್ಯಾಯ ಅಲ್ಲ. ಸರಕಾರದ ಕೆಲಸಕ್ಕೆ ಫೋಟೋ ಕಡ್ಡಾಯ ಮಾಡಿದವರು, ಫೋಟೋ ಹೇಗೆ ತೆಗೆಯಬೇಕು ಅಂತ ಹಳ್ಳಿಯವರಿಗೆ ಕಲಿಸುವುದು ತಮ್ಮ ಕೆಲಸ ಅಂದುಕೊಂಡಿಲ್ಲ. ಆ್ಯಪ್ ಬರುತ್ತದೆ, ಆದೇಶ ಬರುತ್ತದೆ, ಕಲಿಸುವವರು ಬರುವುದಿಲ್ಲ. ಸೆಟ್ಟಿಂಗ್ ತಪ್ಪಿದರೆ ನಷ್ಟ ಆ್ಯಪಿಗಿಲ್ಲ, ಇಲಾಖೆಗಿಲ್ಲ. ಬಿಸಿಲಲ್ಲಿ ಬುಟ್ಟಿ ಹೊತ್ತವರಿಗೆ, ಗೋಡೆ ಬಿದ್ದವರಿಗೆ. ಗ್ರಾಮ ಪಂಚಾಯತಿಗಳಲ್ಲಿ ಗ್ರಂಥಾಲಯಗಳಿವೆ, ಈಗ ಅರಿವು ಕೇಂದ್ರ ಅನ್ನುತ್ತಾರೆ, ಕೆಲವು ಕಡೆ ಕಂಪ್ಯೂಟರೂ ಇದೆ. ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲೊಮ್ಮೆ, ಹಿಂಗಾರಿಗೆ ಮೊದಲೊಮ್ಮೆ, ಅಲ್ಲಿ ಒಂದು ತಾಸು ಜನರ ಫೋನನ್ನೇ ಕೈಗೆ ತೆಗೆದುಕೊಂಡು ಇದನ್ನು ಹೇಳಿಕೊಡಲಿ. ಕರೆದರೆ ನಾವೇ ಬರುತ್ತೇವೆ, ಚಹಾ ಸಾಕು.

ಇನ್ನೊಂದು ಮಾತು ಕಚೇರಿಗಳಿಗೆ. ಫೋಟೋದ ಮೇಲಿನ ತಾರೀಖು ದೇವರ ವಾಕ್ಯ ಅಲ್ಲ. ಅದನ್ನು ತಪ್ಪಾಗಿ ಇಡುವುದು ಎಷ್ಟು ಸುಲಭವೋ, ಬೇಕೆಂದು ಇಡುವುದೂ ಅಷ್ಟೇ ಸುಲಭ. ಸರಿ ತಾರೀಖು ಇದೆ ಅಂತ ಸುಳ್ಳು ಫೋಟೋವನ್ನು ಒಪ್ಪಿ, ತಪ್ಪು ತಾರೀಖು ಇದೆ ಅಂತ ನಿಜದ ಫೋಟೋವನ್ನು ತಳ್ಳಿದರೆ ಕಳ್ಳನಿಗೆ ಅನುಕೂಲ, ಮರೆಗುಳಿಗೆ ಶಿಕ್ಷೆ. ಅನುಮಾನ ಬಂದಾಗ ಓಣಿಯ ನಾಲ್ಕು ಜನರನ್ನು ಕೇಳಿ ಪಂಚನಾಮೆ ಮಾಡುವ ಹಳೇ ಪದ್ಧತಿ ಇನ್ನೂ ಇದೆಯಲ್ಲ? ಕಾಕಾನ ಮನೆ ಯಾವತ್ತು ಬಿತ್ತು ಅಂತ ಎದುರು ಮನೆಯ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ, ಅವತ್ತು ಅವರ ಎಮ್ಮೆಯನ್ನು ಹಗ್ಗ ಹಾಕಿ ಎಳೆದವನೇ ಅವನು.

ನಮ್ಮ ಕಾಲೇಜಿನ ಬಗ್ಗೆಯೂ ಹೇಳದಿದ್ದರೆ ತಪ್ಪಾಗುತ್ತದೆ. ಸಂವಹನದ ಸಿದ್ಧಾಂತಗಳನ್ನು ಬಾಯಿಪಾಠ ಮಾಡಿಸಿದರು, ಒಳ್ಳೆಯದೇ ಆಯಿತು, ಪಾಸಾದೆವು. ಕ್ಯಾಮೆರಾ ಕ್ಲಾಸ್ ಅಂದರೆ ಮೂವತ್ತು ಜನಕ್ಕೆ ಒಂದು ಕ್ಯಾಮೆರಾ, ಅದನ್ನೂ ಮೇಷ್ಟ್ರು ಹಿಡಿದುಕೊಂಡು ತೋರಿಸುತ್ತಿದ್ದರು. ನಿಜವಾಗಿ ಕಲಿತದ್ದು ಈ ಕ್ಯಾಮೆರಾ ಮಾರಿದ ಸ್ಟುಡಿಯೋ ಮಾಮಾನಿಂದ, ಅದೂ ತಡವಾಗಿ. ಈ ಕಥೆ ಕೇಳಿ ಅವರು ಬೈಯಲಿಲ್ಲ. ರೀಲಿನ ಕಾಲದ ತಮ್ಮ ತಪ್ಪು ಹೇಳಿದರು. ರೀಲಿನ ಡಬ್ಬಿಯ ಮೇಲೆ 100 ಅಥವಾ 400 ಅಂತ ಬರೆದಿರುತ್ತಿತ್ತು, ಅದು ಬೆಳಕನ್ನು ಎಷ್ಟು ಬೇಗ ಹಿಡಿಯುತ್ತದೆ ಅನ್ನುವ ಲೆಕ್ಕ. ರೀಲು ಬದಲಿಸಿದಾಗ ಕ್ಯಾಮೆರಾದ ಚಕ್ರವನ್ನೂ ಆ ನಂಬರಿಗೆ ತಿರುಗಿಸಬೇಕು. ಒಂದು ಮದುವೆಯಲ್ಲಿ ಅವರು 100ರ ರೀಲು ಹಾಕಿ ಚಕ್ರವನ್ನು 400ರಲ್ಲೇ ಬಿಟ್ಟಿದ್ದರಂತೆ. 36 ಫೋಟೋ, ಅಕ್ಕಿಕಾಳು ಹಾಕುವುದೆಲ್ಲ ಅದರಲ್ಲೇ, ಒಂದೂ ಬೆಳಕಿಲ್ಲ. ಡಿಜಿಟಲ್ಲಿನ ಹಾಗೆ ತಕ್ಷಣ ನೋಡುವಂತಿಲ್ಲ, ತೊಳೆದ ಮೇಲೆಯೇ ಗೊತ್ತಾದದ್ದು. ಮದುವೆ ಮನೆಯವರು ಏನಂದರು ಅಂತ ಕೇಳಿದೆವು. "ಏನಂದ್ರು ಅನ್ನೂದು ಬಿಡ್ರಿ. ಅವತ್ತಿನಿಂದ ಕ್ಯಾಮೆರಾ ಕಣ್ಣಿಗೆ ಹಚ್ಚೂಕಿಂತ ಮೊದಲ ಹೆಬ್ಬಟ್ಟು ಚಕ್ರದ ಮ್ಯಾಲೆ ಹೋಗ್ತೈತಿ. ನಿದ್ದೀಗಣ್ಣಾಗೂ," ಅಂದರು. ಈಗ ಅವರ ಕೈಯಲ್ಲಿರುವ ಹೊಸ ಕ್ಯಾಮೆರಾದಲ್ಲಿ ಆ ಜಾಗದಲ್ಲಿ ಚಕ್ರವೇ ಇಲ್ಲ, ಆದರೂ ಹೆಬ್ಬಟ್ಟು ಒಮ್ಮೆ ಅಲ್ಲಿ ಸವರಿ ಬರುತ್ತದೆ. ನಾವು ಕಣ್ಣಾರೆ ನೋಡಿದ್ದೇವೆ.

ನಮ್ಮ ಹಳೇ ಕ್ಯಾಮೆರಾದ ಬೆನ್ನಿಗೆ ಈಗ ಒಂದು ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಿದ್ದೇವೆ. ಬಾಲ್‌ಪೆನ್ನಿನಲ್ಲಿ ಮೂರೇ ಮಾತು ಬರೆದಿದೆ: ತಾರೀಖು, ಸೈಜು, ಬಣ್ಣ. ಆ 17 ಫೋಟೋಗಳೂ ಹಾರ್ಡ್ ಡಿಸ್ಕಿನಲ್ಲಿವೆ, ಕಿತ್ತಳೆ ಅಂಕಿಗಳ ಸಮೇತ. ಈ ಬರಹಕ್ಕೆ ಅವುಗಳಲ್ಲೊಂದನ್ನು ಹಾಕೋಣ, ಮೂಲೆ ಕತ್ತರಿಸಿದರೆ ಆಯಿತು ಅಂತ ನಮ್ಮಲ್ಲೇ ಒಬ್ಬರು ಅಂದರು. ಹಾಕಲಿಲ್ಲ.

ಕಾಕಾ ಕಳೆದ ವರ್ಷ ಸಂತೆಯಲ್ಲಿ ಸಿಕ್ಕಿದ್ದರು. ಸಾಲ ಮಾಡಿ ಎರಡು ಕೋಣೆ ಹಾಕಿಕೊಂಡಿದ್ದಾರೆ, ಬುನಾದಿ ಸ್ವಲ್ಪ ಎತ್ತರಿಸಿದ್ದಾರೆ. ಮಾತಾಡುತ್ತಾ ಕೇಳಿದರು, "ಆ ಕ್ಯಾಮೆರಾ ಇನ್ನೂ ಐತೇನ್ ತಮ್ಮಾ?"

"ಐತ್ರೀ ಕಾಕಾ."

"ತಾರೀಖು?"

ಚೀಲದಿಂದ ತೆಗೆದು ಆನ್ ಮಾಡಿ ತೋರಿಸಿದೆವು. ಕಾಕಾ ಕನ್ನಡಕ ಏರಿಸಿಕೊಂಡು ನೋಡಿದರು, ಆಮೇಲೆ ತಮ್ಮ ಕೈಗಡಿಯಾರ ನೋಡಿದರು.

"ತಾರೀಖು ಬರೋಬರಿ ಐತಿ. ಟೈಮು ಎರಡು ನಿಮಿಷ ಹಿಂದೈತಿ ನೋಡ್ರಿ," ಅಂದರು.

ಅಲ್ಲೇ ನಿಂತು ಸರಿ ಮಾಡಿದೆವು.